ಹರಿಹರದ ಅಂಗಡಿಗಾಗಿ ಕಾಂಚನಬುರಿಯಲ್ಲಿ ಗಾಲ್ಫ್

ಕೊಂಡಜ್ಜಿ, ಹೊರಡುವ ಮುಂಚೆ

ಥಾಯ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ದಾವಣಗೆರೆಯಲ್ಲಿ ಜನ ಮೊದಲು ಒಂದು ಕಣ್ಣು ಕಿರಿದು ಮಾಡಿ ನಗುತ್ತಾರೆ. ಆಮೇಲೆ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ವಿಚಾರಿಸುತ್ತಾರೆ. ನಾನು ಅಲ್ಲಿ ಹುಲ್ಲಿನ ಮೇಲೆ ಬಗ್ಗಿ ನಿಂತು ಒಂದು ಬಿಳಿ ಚೆಂಡನ್ನು ನೆಟ್ಟಗೆ ಹೊಡೆಯಲು ಒದ್ದಾಡಿದೆ ಎಂದರೆ ಯಾರೂ ನಂಬುವುದಿಲ್ಲ. ನಂಬದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದು ಕಡೆಗೆ ಬರುತ್ತದೆ.

ನನ್ನದು ಪಿ.ಜೆ. ಬಡಾವಣೆಯ ಹತ್ತಿರ ಪಂಪ್‌ಸೆಟ್ ಅಂಗಡಿ. ಬೋರ್‌ವೆಲ್ ಮೋಟಾರು, ಪೈಪು, ಸ್ಟಾರ್ಟರು. ಅಪ್ಪನ ಕಾಲದಿಂದ ಒಂದೇ ಕಂಪನಿಯ ಏಜೆನ್ಸಿ. ದಾವಣಗೆರೆ, ಹರಿಹರ ಎರಡೂ ನನ್ನ ಹೆಸರಿನಲ್ಲೇ ಇವೆ. ಹರಿಹರದ ಅಂಗಡಿಯಲ್ಲಿ ಕೂರುವವರು ನನ್ನ ಅಕ್ಕ ಗಿರಿಜಳ ಗಂಡ, ಕೊಟ್ರೇಶಪ್ಪ ಭಾವ. ಅವರು ಮೊದಲು ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಗಿರಣಿ ಮುಚ್ಚಿದಾಗ ನಾನು ಕರೆದು ಆ ಅಂಗಡಿ ಒಪ್ಪಿಸಿದೆ. ಇಪ್ಪತ್ತು ವರ್ಷ ಬೆವರು ಸುರಿಸಿ ಅದನ್ನು ಅಂಗಡಿ ಎನ್ನುವ ಹಾಗೆ ಮಾಡಿದವರು ಅವರು. ಬೋರ್ಡಿನ ಮೇಲೆ ಇರುವುದು ನನ್ನ ಹೆಸರು. ಈ ಎರಡು ಮಾತನ್ನು ಒಟ್ಟಿಗೆ ಬರೆಯುತ್ತಿರುವುದು ಇದೇ ಮೊದಲು.

ಈ ವರ್ಷ ಕಂಪನಿ ತನ್ನ ಡೀಲರುಗಳನ್ನು ಥಾಯ್ಲೆಂಡಿಗೆ ಕರೆದೊಯ್ಯುತ್ತದೆ ಎಂದು ಗೊತ್ತಾದ ವಾರವೇ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಹರಿಹರವನ್ನು ಬೇರೆ ಏಜೆನ್ಸಿ ಮಾಡಿ ಭಾವನ ಹೆಸರಿಗೆ ಕೊಡುವ ಯೋಚನೆ ಕಂಪನಿಯಲ್ಲಿ ನಡೆದಿದೆಯಂತೆ. ಅಂದಿನಿಂದ ನನಗೆ ನಿದ್ದೆ ಹಾರಿಹೋಯಿತು. ಭಾವನನ್ನು ಕೇಳಲಿಲ್ಲ. ಕೇಳಿದರೆ ಅವರಿಗೆ ಗೊತ್ತಿಲ್ಲದ್ದನ್ನು ನಾನೇ ಹೇಳಿಕೊಟ್ಟ ಹಾಗಾಗುತ್ತದಲ್ಲ! ಕಂಪನಿಯ ಯಜಮಾನರಾದ ದೇಸಾಯಿ ಸಾಹೇಬರ ಕಿವಿಗೇ ಹೇಳಿ ಆ ಯೋಚನೆಯನ್ನು ಮೊಳಕೆಯಲ್ಲೇ ಚಿವುಟಬೇಕು ಎಂದು ತೀರ್ಮಾನಿಸಿದೆ. ಆದರೆ ಸಾಹೇಬರು ಒಂಟಿಯಾಗಿ ಸಿಗುವ ಮನುಷ್ಯರಲ್ಲ. ಗಾಲ್ಫ್ ಆಡುವಾಗ ಮಾತ್ರ ಸಿಗುತ್ತಾರೆ, ಅದೂ ನಾಲ್ಕು ಗಂಟೆ ಹೊತ್ತು. ಪ್ರವಾಸದಲ್ಲಿ ಎರಡು ಬೆಳಿಗ್ಗೆ ಆಡುತ್ತೇನೆ, ಚೆಂಡು ಹೊಡೆಯಲು ಬರುವವರು ಜೊತೆಗೆ ಬರಬಹುದು ಎಂದು ಅವರೇ ಹೇಳಿಕಳಿಸಿದ್ದರು.

ನನಗೆ ಬರುತ್ತಿದ್ದದ್ದು ಚಿನ್ನಿದಾಂಡು ಮಾತ್ರ, ಅದೂ ಐದನೇ ಕ್ಲಾಸಿನವರೆಗೆ. ಎಂ.ಸಿ.ಸಿ. ಬಡಾವಣೆಯ ನಿವೃತ್ತ ಎಂಜಿನಿಯರೊಬ್ಬರು ಅಟ್ಟದ ಮೇಲಿಂದ ತುಕ್ಕು ಹಿಡಿದ ಮೂರು ಗಾಲ್ಫ್ ಕೋಲು, ಒಂದು ಚೀಲ ಚೆಂಡು ಇಳಿಸಿ ಕೊಟ್ಟರು. ಕೊಂಡಜ್ಜಿ ಕೆರೆಯ ಪಕ್ಕ ಬೆಳೆ ಕೊಯ್ದು ಬಿಟ್ಟಿದ್ದ ಪರಿಚಯದವರ ಹೊಲದಲ್ಲಿ ದಿನಾ ಬೆಳಿಗ್ಗೆ ಅಭ್ಯಾಸ ಶುರುವಾಯಿತು. ಫೋನಿನಲ್ಲಿ ವಿಡಿಯೋ ನೋಡುವುದು, ಕೋಲು ಬೀಸುವುದು. ನನ್ನ ತಪ್ಪುಗಳಲ್ಲಿ ಮೂರು ಜಾತಿ ಇದ್ದವು. ಒಂದು, ಕೋಲು ಚೆಂಡಿನ ನೆತ್ತಿಯನ್ನಷ್ಟೇ ಸವರಿ ಚೆಂಡು ಇಲಿಯ ಹಾಗೆ ನೆಲದ ಮೇಲೇ ಓಡುವುದು. ಎರಡು, ಚೆಂಡಿಗೆ ಗೇಣುದ್ದ ಮೊದಲೇ ಕೋಲು ನೆಲಕ್ಕೆ ಬಡಿದು ಹೆಂಟೆ ಹಾರುವುದು. ಮೂರನೆಯದು ಅಡ್ಡ ಹಾರಿ ಕೆರೆಗೆ ಬೀಳುವುದು. ಎಮ್ಮೆ ಮೇಯಿಸಲು ಬಂದ ಅಜ್ಜನೊಬ್ಬ ಬಹಳ ಹೊತ್ತು ನಿಂತು ನೋಡಿದ.

"ಏನ್ ಕಳಕೊಂಡೀರಿ ಸಾವ್ಕಾರ್ರೆ? ಹಂಗೆ ಅಗದ್ರೆ ಸಿಗಲ್ಲ, ಗುದ್ದಲಿ ತರ್ಸಿ" ಎಂದ.

ಚೆಂಡು ಹೆಕ್ಕಲು ಹರಿಹರದಿಂದ ಸ್ಕೂಟರಿನಲ್ಲಿ ಬರುತ್ತಿದ್ದವರು ಯಾರು? ಕೊಟ್ರೇಶಪ್ಪ ಭಾವನೇ! ಬೇಡವೆಂದರೂ ಕೇಳಲಿಲ್ಲ. "ಒಬ್ನೆ ಕೆರೆ ದಂಡಿಗೆ ಹೋಗಬ್ಯಾಡ, ಹಾವು ಹುಳ ಇರ್ತಾವೆ" ಎನ್ನುವುದು ಅವರ ವಾದ. ಎರಡನೇ ವಾರ ಒಂದು ದಿನ ಅವರು ಸಂಕೋಚದಿಂದ ಕೇಳಿದರು.

"ಸಿದ್ದೇಶ, ಒಂದು ನಾನು ಹೊಡೀಲೇನು?"

ಹೊಡೆದರು. ಟಕ್ಕೆಂದು ಎಷ್ಟು ಚೊಕ್ಕ ಸದ್ದು ಬಂತೆಂದರೆ ಎಮ್ಮೆಯೂ ತಿರುಗಿ ನೋಡಿತು. ಹೇಗೆ ಎಂದು ಕೇಳಿದೆ.

"ನೀನು ಬಾಳ ಬಿಗಿ ಹಿಡೀತೀಯ. ಪಾನಾ ಹಿಡಿಯೋವಾಗ ಹಂಗೆ ಹಿಡಿದ್ರೆ ಬೋಲ್ಟಿನ ಥ್ರೆಡ್ಡೇ ಹೋಗ್ತೈತೆ. ಬೆರಳಿಗೆ ಗೊತ್ತಾಗಬೇಕು, ಅಷ್ಟೇ" ಎಂದರು.

ನನಗೆ ಮೈ ಉರಿಯಿತು. ಹೀಗೆ ಭಾವನೂ ಆಟಕ್ಕೆ ಸೇರಿಕೊಂಡರು. ಅಂಗಡಿಗೊಬ್ಬರಂತೆ ಕಂಪನಿ ಅವರಿಗೂ ಟಿಕೆಟ್ ಕಳಿಸಿತ್ತು. ಯಾರಿಂದ ಮರೆಮಾಚಿ ಮಾತಾಡಬೇಕೋ ಅವರನ್ನೇ ಜೊತೆಗೆ ಕಟ್ಟಿಕೊಂಡು ವಿಮಾನ ಹತ್ತಿದೆ.

ಬ್ಯಾಂಕಾಕ್

ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ ಭಾವನ ಚೀಲ ಬಿಚ್ಚಿಸಿದರು. ಅಕ್ಕ ಕಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಮೂಟೆ ಮಂಡಕ್ಕಿ. ಅಧಿಕಾರಿ ಚಟ್ನಿಪುಡಿಯ ಡಬ್ಬಿ ತೆರೆದು ಮೂಗಿಗೆ ಹಿಡಿದ. ಅವನು ಸೀನಲು ಶುರು ಮಾಡಿದವನು ನಾವು ಹೊರಗೆ ಬರುವವರೆಗೂ ನಿಲ್ಲಿಸಿರಲಿಲ್ಲ. ಭಾವ ಗಾಬರಿಯಾಗಿ ಅವನಿಗೆ ತಮ್ಮ ಕರವಸ್ತ್ರ ಕೊಟ್ಟು, ಬೆನ್ನು ತಟ್ಟಿ, ಎರಡು ರೊಟ್ಟಿಯನ್ನೂ ಕೊಟ್ಟು ಬಂದರು. ಅವನು ಕೈಮುಗಿದ. ಭಾವನೂ ಮುಗಿದರು. ಇಬ್ಬರ ನಮಸ್ಕಾರವೂ ಒಂದೇ ಥರ ಇತ್ತು.

ಆ ಊರಿನಲ್ಲಿ ಪ್ರತಿ ಅಂಗಡಿಯ ಮುಂದೆ ಒಂದು ಕಂಬದ ಮೇಲೆ ಪುಟ್ಟ ಗುಡಿ. ಜಾಗದ ದೇವತೆಯಂತೆ. ಅದರ ಮುಂದೆ ಕೆಂಪು ಜ್ಯೂಸಿನ ಬಾಟಲಿ, ಮುಚ್ಚಳ ತೆಗೆದು, ಸ್ಟ್ರಾ ಹಾಕಿ ಇಟ್ಟಿರುತ್ತಾರೆ. ನಮ್ಮಲ್ಲಿ ದೇವರಿಗೆ ಎಳನೀರು ತೋರಿಸಿ ನಾವೇ ಕುಡಿಯುತ್ತೇವೆ. ಇಲ್ಲಿ ದೇವರು ಕುಡಿಯುತ್ತಾನೆಂದು ನಿಜವಾಗಿ ನಂಬಿ ಸ್ಟ್ರಾ ಹಾಕುತ್ತಾರೆ. ಭಾವ ಒಂದೊಂದು ಗುಡಿಯ ಮುಂದೂ ನಿಂತು ನೋಡುತ್ತಿದ್ದರು. ನನಗೆ ನಿಲ್ಲುವ ತಾಳ್ಮೆ ಇರಲಿಲ್ಲ. ಬೇರೆ ಡೀಲರುಗಳು ಮಸಾಜು, ಮಾರ್ಕೆಟ್ಟು ಎಂದು ಚದುರಿದರು. ನಾನು ಹೋಟೆಲ್ಲಿನ ಕೋಣೆಯಲ್ಲಿ ಛತ್ರಿ ಹಿಡಿದು ಕನ್ನಡಿಯ ಮುಂದೆ ಸ್ವಿಂಗ್ ಅಭ್ಯಾಸ ಮಾಡಿದೆ. ಛತ್ರಿ ಬಿಚ್ಚಿಕೊಂಡು ಮೇಜಿನ ದೀಪ ಉರುಳಿತು.

ಭಾವ ಬಂದು ದೀಪ ಎತ್ತಿಟ್ಟು, "ಇಷ್ಟ್ಯಾಕ ತಲಿ ಕೆಡಿಸ್ಕೊಂತೀಯ? ಆಟ ಅಲ್ಲೇನು?" ಎಂದರು. ಆಟವಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಕಾಂಚನಬುರಿ, ಮೊದಲ ಬೆಳಿಗ್ಗೆ

ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಕೆಲವು ಗಂಟೆ ಹೋದರೆ ಕಾಂಚನಬುರಿ. ದಾರಿಯುದ್ದಕ್ಕೂ ಭತ್ತ, ಕಬ್ಬು. ಭದ್ರಾ ಕಾಲುವೆಯ ಪಕ್ಕದಲ್ಲೇ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು. ಮೈದಾನವನ್ನು ನೋಡಿ ಮಾತ್ರ ನನಗೆ ದಿಗಿಲಾಯಿತು. ಅಷ್ಟು ಹಸಿರು ನೆಲವನ್ನು ಆಟಕ್ಕೆಂದೇ ಬಿಟ್ಟಿದ್ದಾರೆ. ನಮ್ಮ ಕಡೆಯವನಿಗೆ ಮೊದಲು ಬರುವ ಯೋಚನೆ, ಇದಕ್ಕೆ ನೀರು ಎಲ್ಲಿಂದ, ಮೋಟಾರು ಎಷ್ಟು ಎಚ್‌ಪಿಯದು ಎನ್ನುವುದೇ. ಭಾವ ಪಂಪ್‌ಹೌಸ್ ಹುಡುಕಿಕೊಂಡು ಹೋಗಿ ನೋಡಿಯೂ ಬಂದರು.

ಒಬ್ಬೊಬ್ಬ ಆಟಗಾರನ ಜೊತೆಗೂ ಒಬ್ಬ ಹೆಂಗಸು. ಕೋಲಿನ ಚೀಲ ನೋಡಿಕೊಳ್ಳುವುದು, ಯಾವ ಹೊಡೆತಕ್ಕೆ ಯಾವ ಕೋಲು ಎಂದು ಹೇಳುವುದು ಅವರ ಕೆಲಸ. ಬಿಸಿಲಿಗೆ ಮುಖದ ತುಂಬಾ ಬಟ್ಟೆ ಸುತ್ತಿ, ಮೇಲೆ ಅಗಲ ಟೋಪಿ ಹಾಕಿಕೊಂಡಿರುತ್ತಾರೆ. ಕಣ್ಣಷ್ಟೇ ಕಾಣುತ್ತದೆ. ನನಗೆ ಸಿಕ್ಕವಳ ಹೆಸರು ನೊಯ್. ಐವತ್ತು ದಾಟಿರಬೇಕು. ಮನೆಯಲ್ಲಿ ಗದ್ದೆ ಇದೆ, ನಾಟಿಯ ದಿನಗಳಲ್ಲಿ ಇಲ್ಲಿಗೆ ಬರುವುದಿಲ್ಲ ಎಂದಳು. ಅವಳಿಗೆ ಬರುವ ನಾಲ್ಕು ಇಂಗ್ಲಿಷ್ ಮಾತು, ನನಗೆ ಬರುವ ನಾಲ್ಕು, ಉಳಿದದ್ದು ಕೈಸನ್ನೆ.

ನಾವು ಮೂವರೇ: ದೇಸಾಯಿ ಸಾಹೇಬರು, ಭಾವ, ನಾನು. ಸಾಹೇಬರು ಹುಬ್ಬಳ್ಳಿ ಕಡೆಯವರು, ದೊಡ್ಡ ದನಿ. ಅವರು ಹೊಡೆದರು, ನೆಟ್ಟಗೆ ಹೋಯಿತು. ಭಾವ ಹೊಡೆದರು, ಅದೂ ನೆಟ್ಟಗೆ ಹೋಯಿತು. ನಾನು ಬೀಸಿದೆ. ಚೆಂಡು ಹತ್ತು ಹೆಜ್ಜೆ ತೆವಳಿ ನಿಂತಿತು.

"ಏನ್ರೀ ಸಿದ್ದೇಶ, ಬೋರ್ ಪಾಯಿಂಟ್ ನೋಡಾಕತ್ತೀರೇನು?" ಎಂದು ಸಾಹೇಬರು ನಕ್ಕರು.

ಆಗ ನನಗೆ ಹೊಳೆದ ಕಷ್ಟ ಯಾವ ವಿಡಿಯೋದಲ್ಲೂ ಇರಲಿಲ್ಲ. ಈ ಆಟದಲ್ಲಿ ಮನುಷ್ಯ ತನ್ನ ಚೆಂಡು ಹೋದ ಕಡೆ ಹೋಗಬೇಕು. ಸಾಹೇಬರ ಪಕ್ಕ ನಡೆದು ಗುಟ್ಟಾಗಿ ಮಾತಾಡಬೇಕಾದರೆ ನನ್ನ ಚೆಂಡೂ ಅವರ ಚೆಂಡಿನ ಹತ್ತಿರ ಬೀಳಬೇಕು! ನನ್ನದೋ ಪೊದೆಗೆ ಹೋಗುತ್ತಿತ್ತು, ಮರಳಿನ ಗುಂಡಿಗೆ ಹೋಗುತ್ತಿತ್ತು. ಪೊದೆಯೊಳಗೆ ನೊಯ್ ಜೊತೆ ಬಗ್ಗಿ ಹುಡುಕುತ್ತಾ ತಿರುಗಿ ನೋಡಿದರೆ, ದೂರದ ಹಸಿರಿನಲ್ಲಿ ಸಾಹೇಬರು ಭಾವನ ಹೆಗಲ ಮೇಲೆ ಕೈಹಾಕಿಕೊಂಡು ನಡೆಯುತ್ತಿದ್ದಾರೆ. ಏನು ಮಾತಾಡುತ್ತಿದ್ದಾರೋ! ಆತುರಕ್ಕೆ ಇನ್ನೂ ಜೋರಾಗಿ ಬೀಸಿದೆ. ಜೋರಾದಷ್ಟೂ ಕೆಟ್ಟಿತು. ನಾಲ್ಕು ಗಂಟೆಯಲ್ಲಿ ಸಾಹೇಬರ ಜೊತೆ ನನಗೆ ದಕ್ಕಿದ್ದು ಎರಡು ಮಾತು, ಎರಡೂ ಹವಾಮಾನದ ಬಗ್ಗೆ.

ಊಟವಾದ ಮೇಲೆ ನೊಯ್‌ಳನ್ನು ಹುಡುಕಿಕೊಂಡು ಹೋಗಿ, ಕಲಿಸು ತಾಯಿ ಎಂದು ಕೈಮುಗಿದೆ. ಭಾವನೂ ಬಂದು ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನತೊಡಗಿದರು. ನೊಯ್ ನನಗೆ ಹತ್ತು ಹೊಡೆತ ಹೊಡೆಯಲು ಹೇಳಿ ಸುಮ್ಮನೆ ನೋಡಿದಳು. ಆಮೇಲೆ ನನ್ನನ್ನೇ ಅಣಕಿಸಿ ತೋರಿಸಿದಳು. ಬಗ್ಗಿ ನಿಂತಳು, ಕೋಲು ಎತ್ತಿದಳು, ಕೋಲು ಚೆಂಡಿಗೆ ತಾಗುವ ಮುಂಚೆಯೇ ಕುತ್ತಿಗೆ ಎತ್ತಿ ದೂರ ನೋಡಿದಳು. ತಲೆಯ ಹಿಂದೆಯೇ ಬೆನ್ನು ಎದ್ದಿತು, ಬೆನ್ನಿನ ಹಿಂದೆ ಕೈ ಎದ್ದಿತು, ಕೋಲು ಚೆಂಡಿನ ನೆತ್ತಿ ಸವರಿ ಹೋಯಿತು.

ಭಾವ ಮಂಡಕ್ಕಿ ಬಾಯಲ್ಲಿಟ್ಟುಕೊಂಡೇ ನಕ್ಕರು. "ಅಲಲಾ! ನಮ್ಮ ಸಿದ್ದೇಶ ಗಲ್ಲಾ ಮ್ಯಾಲೆ ಕುಂತಂಗೇ ಐತೆ ನೋಡು!"

ನಿಜವಾಗಿತ್ತು. ಮೂವತ್ತೈದು ವರ್ಷದಿಂದ ಬಾಗಿಲಿನ ಕಡೆ ಮುಖ ಮಾಡಿ ಕೂತವನು ನಾನು. ಬಿಲ್ ಬರೆಯುತ್ತಿರಲಿ, ಎದುರು ನಿಂತ ರೈತನ ಜೊತೆ ಮಾತಾಡುತ್ತಿರಲಿ, ಹೊರಗೆ ನೆರಳು ಸುಳಿದರೆ ತಲೆ ತಾನಾಗಿ ಎದ್ದುಬಿಡುತ್ತದೆ. ಬಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗಿಬಿಟ್ಟರೆ ಎನ್ನುವ ಭಯ. ಕೈಯಲ್ಲಿರುವ ಗಿರಾಕಿಯನ್ನು ಬಿಟ್ಟು ಬಾರದ ಗಿರಾಕಿಯನ್ನು ನೋಡುವ ಚಟ. ನಮ್ಮ ಊರಿನ ಬಜಾರಿನಲ್ಲಿ ಇದನ್ನು ಚುರುಕುತನ ಎನ್ನುತ್ತಾರೆ. ಭಾವ ಹಾಗಲ್ಲ. ಅವರು ಒಂದು ಮೋಟಾರು ಬಿಚ್ಚಿ ಕೂತರೆ ತಹಸೀಲ್ದಾರರು ಬಂದು ನಿಂತರೂ ತಲೆ ಎತ್ತುವುದಿಲ್ಲ. ಅದಕ್ಕೇ ಅವರನ್ನು ನಾನು ಎಷ್ಟು ಸಲ ಬೈದಿದ್ದೇನೆ!

ನೊಯ್ ಮರಳಿನ ಮೇಲೆ ಒಂದು ಗೆರೆ ಎಳೆದಳು. ಚೆಂಡು ಬೇಡ, ಬರೀ ಕೋಲು ಬೀಸು, ಗೆರೆ ದಾಟಿದ ಮೇಲೆ ಮರಳು ಹಾರಬೇಕು. ನನ್ನ ಭಾರವೆಲ್ಲ ಹಿಂದಿನ ಕಾಲಿನ ಮೇಲೇ ಉಳಿಯುತ್ತಿತ್ತು, ಹಾಗಾಗಿ ಗೆರೆಗೆ ಮೊದಲೇ ಮರಳು ಹಾರುತ್ತಿತ್ತು. ಬೀಸುವಾಗ ಸೊಂಟ ತಿರುಗಿ ಭಾರ ಮುಂದಿನ ಕಾಲಿಗೆ ಬರಬೇಕು ಎಂದು ನನ್ನ ಮೊಣಕಾಲನ್ನು ಛತ್ರಿಯ ತುದಿಯಿಂದ ತಳ್ಳಿ ತಳ್ಳಿ ಕಲಿಸಿದಳು. ಕೊನೆಗೆ ಚೆಂಡು ಇಟ್ಟು, ಅಂಗೈಯಿಂದ ನನ್ನ ಟೋಪಿಯನ್ನು ಒತ್ತಿ ಹಿಡಿದಳು.

"ಬಾಸ್, ನೋ ಲುಕ್! ನೆಂಗ್, ಸಾಂಗ್, ಸಾಮ್. ದೆನ್ ಲುಕ್!"

ಒಂದು, ಎರಡು, ಮೂರು ಎಂದು ಅವರ ಭಾಷೆಯಲ್ಲಿ ಎಣಿಸಿದ ಮೇಲೆಯೇ ತಲೆ ಎತ್ತಬೇಕು. ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ, ತಾನು ನೋಡಿಕೊಳ್ಳುತ್ತೇನೆ ಎಂದು ಕಣ್ಣಿಗೆ ಬೆರಳು ತೋರಿಸಿದಳು. ಸಂಜೆಯ ಹೊತ್ತಿಗೆ ಹತ್ತರಲ್ಲಿ ನಾಲ್ಕು ಸರಿ ಹೋಗತೊಡಗಿದವು. ನನಗೆ ಅಷ್ಟು ಸಾಕಾಗಿತ್ತು.

ಕಾಂಚನಬುರಿ, ಎರಡನೇ ಬೆಳಿಗ್ಗೆ

ಚೆಂಡು ಬೀಳಿಸಬೇಕಾದ ಗುಳಿಗಳಲ್ಲಿ ಐದನೆಯದರವರೆಗೆ ಪೊದೆಯೇ ಗತಿಯಾಯಿತು. ಆರನೆಯದರಲ್ಲಿ ನನ್ನ ಚೆಂಡು ಹೇಗೋ ಹಾರಿ ಸಾಹೇಬರ ಚೆಂಡಿನ ಪಕ್ಕದಲ್ಲೇ ಬಿತ್ತು. ಭಾವನದು ನಡುವಿನ ನೀರಿನ ಹೊಂಡದ ಆ ಕಡೆಯ ದಂಡೆಯಲ್ಲಿತ್ತು. ಸಾಹೇಬರು, ನಾನು ಇಬ್ಬರೇ ಹೊಂಡದ ಪಕ್ಕ ನಡೆದೆವು. ಮೊಸಳೆಮರಿಯಷ್ಟು ದೊಡ್ಡ ಉಡವೊಂದು ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿತ್ತು. ಮಾಮೂಲಿ ದಿನವಾಗಿದ್ದರೆ ನಿಂತು ನೋಡುತ್ತಿದ್ದೆ. ಅಂದು ಅದರ ಬಾಲ ದಾಟಿಕೊಂಡೇ ಹೋದೆ.

"ಸಾಹೇಬ್ರೆ, ಹರಿಹರದ ವಿಷಯ ಒಂದು ಮಾತು" ಎಂದೆ. ಎರಡು ತಿಂಗಳಿಂದ ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಭಾವ ಬಹಳ ಒಳ್ಳೆಯವರು, ಆದರೆ ಒಬ್ಬರೇ ನಿಭಾಯಿಸುವ ಶಕ್ತಿ ಇಲ್ಲ. ಕಂಪ್ಯೂಟರ್ ಬರುವುದಿಲ್ಲ. ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ವಯಸ್ಸೂ ಆಯಿತು. ನಾನು ಹಿಂದೆ ನಿಂತಿರುವುದಕ್ಕೆ ಆ ಅಂಗಡಿ ನಡೆಯುತ್ತಿದೆ. ಬೇರೆ ಮಾಡಿದರೆ ಅವರಿಗೇ ಕಷ್ಟ. ಈ ಕಡೆಯ ಮಾತನ್ನು ಹೇಳುವಾಗ ದನಿಯಲ್ಲಿ ಕನಿಕರವನ್ನೂ ಬೆರೆಸಿದೆ. ಅದು ನನಗೆ ಚೆನ್ನಾಗಿ ಬರುತ್ತದೆ.

ಸಾಹೇಬರು ನಿಂತರು. "ಅಲ್ರೀ, ಇದನ್ನ ಯಾಕ ಈಗ ಹೇಳಾಕತ್ತೀರಿ? ಆ ವಿಷಯ ಮುಗದೈತಲ್ಲ."

"ಮುಗಿದದ್ದು ಹೆಂಗೆ ಸಾಹೇಬ್ರೆ?"

"ಯುಗಾದಿ ಮುಂದ ನಾವ ಅವರಿಗೆ ಕೇಳಿದ್ವಿ, ಹರಿಹರ ನಿಮ್ಮ ಹೆಸರಿಗೆ ಮಾಡ್ತೀವಿ ಅಂತ. ಒಲ್ಲೆ ಅಂತ ಕಾಗದ ಬರದ್ರು. ನಾ ಇರೋತನಕ ಆ ಅಂಗಡಿ ಮ್ಯಾಲೆ ಸಿದ್ದೇಶನ ಹೆಸರು ಬಿಟ್ಟು ಬ್ಯಾರೆ ಬೋರ್ಡ್ ಏರಬಾರದು ಅಂತ. ನಿಮಗ ಹೇಳಿಲ್ಲೇನು ಅವರು?"

ಸಾಹೇಬರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು, ಆಮೇಲೆ ಮುಖ ತಿರುಗಿಸಿ ತಮ್ಮ ಚೆಂಡಿನ ಕಡೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ನೊಯ್ ಕೋಲು ಕೈಗಿಟ್ಟಳು. ನನ್ನ ಸರದಿ. ಬಗ್ಗಿ ನಿಂತೆ. ಎದುರು ದಂಡೆಯಲ್ಲಿ ಭಾವ ಕೈ ಮೇಲೆತ್ತಿ, "ನಿಧಾನ ಸಿದ್ದೇಶ, ನಿಧಾನ!" ಎಂದು ಕೂಗಿದರು. ಬೀಸಿದೆ. ಕೋಲು ಚೆಂಡಿಗೆ ತಾಗಿದ್ದೇ ಕೈಗೆ ಗೊತ್ತಾಗಲಿಲ್ಲ, ಅಷ್ಟು ಹಗುರವಾಗಿ ಹೋಯಿತು. ಮೂರು ಎಣಿಸಿ ಮುಗಿದರೂ ನಾನು ತಲೆ ಎತ್ತಲಿಲ್ಲ. ಎತ್ತಿದರೆ ಆ ದಂಡೆಯಲ್ಲಿ ಭಾವ ಕಾಣುತ್ತಾರೆ. ಚೆಂಡು ಹೊಂಡ ದಾಟಿ ಗುಳಿಯ ಬಾವುಟದ ಹತ್ತಿರ ಬಿದ್ದಿತೆಂದು ನೊಯ್ ಚಪ್ಪಾಳೆ ತಟ್ಟಿ ಹೇಳಿದ ಮೇಲೆ ಗೊತ್ತಾಯಿತು. ನನ್ನ ಜೀವನದ ಒಂದೇ ಒಂದು ಒಳ್ಳೆಯ ಹೊಡೆತವನ್ನು ನಾನು ನೋಡಲೇ ಇಲ್ಲ. ಆಮೇಲೆ ಮೈ ಹುಷಾರಿಲ್ಲ ಎಂದು ಹೇಳಿ ಮರದ ಕೆಳಗೆ ಕೂತೆ. ನೊಯ್ ತನ್ನ ಬುತ್ತಿಯಿಂದ ಬಾಳೆ ಎಲೆಯಲ್ಲಿ ಸುತ್ತಿದ ಅಂಟನ್ನದ ಉಂಡೆ ಕೊಟ್ಟಳು. ತಿನ್ನಲಾಗಲಿಲ್ಲ, ಜೇಬಿನಲ್ಲಿಟ್ಟುಕೊಂಡೆ.

ವಾಪಸ್ ಬಸ್ಸಿನಲ್ಲಿ

ಬಸ್ಸಿನಲ್ಲಿ ಉಳಿದ ಡೀಲರುಗಳೆಲ್ಲ ಹಾಡು ಹೇಳುತ್ತಿದ್ದರು. ಭಾವ ಕಿಟಕಿಯ ಪಕ್ಕ ಕೂತು ಗದ್ದೆ ನೋಡುತ್ತಿದ್ದರು. ನಾನು ಕೂತಲ್ಲಿ ಕೂರಲಾರದೆ ಎರಡು ಸಲ ಎದ್ದು, ಎರಡು ಸಲ ಕೂತೆ. ಕೊನೆಗೆ ಕೇಳಿಯೇ ಬಿಟ್ಟೆ.

"ಭಾವ, ಹರಿಹರದ ಏಜೆನ್ಸಿ ಕೊಡ್ತೀವಿ ಅಂದಾಗ ಒಲ್ಲೆ ಅಂದ್ರಂತೆ. ನನಗ್ಯಾಕೆ ಹೇಳ್ಲಿಲ್ಲ?"

ಭಾವ ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

"ನಿನಗ್ಯಾರು ಹೇಳಿದ್ರು? ಹೇಳಿದ್ರೆ ನೀನು ಕೊಟ್ಟುಬಿಡ್ತಿದ್ದೆ, ಅದಕ್ಕೆ ಹೇಳ್ಲಿಲ್ಲ. ನಿಮ್ಮಕ್ಕನೂ ಅದೇ ಅಂದ್ಲು. ನಮ್ಮ ಸಿದ್ದೇಶನಿಗೆ ಗೊತ್ತಾದ್ರೆ ಒಂದು ಮಾತು ಆಡದಂಗೆ ನಿಮ್ಮ ಹೆಸರಿಗೆ ಬರಕೊಡ್ತಾನೆ, ಹೇಳಬ್ಯಾಡ್ರಿ ಅಂತ. ಗಿರಣಿ ಮುಚ್ಚಿದಾಗ ಕರದು ಕೂಡ್ಸಿದೋನು ನೀನು. ನಿನ್ನ ಕೈಲಿಂದ ಇನ್ನೂ ಕಿತ್ಕೊಳ್ಳಾದು ಹೆಂಗೆ?"

ಮುಂದಿನ ಸೀಟಿನವರು ಹಾಡಿಗೆ ತಾಳ ಹಾಕುತ್ತಿದ್ದರು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದಿದ್ದರೆ ನಾನು ಅವರ ಕಣ್ಣಿನಲ್ಲಿ ಸಾಯುವವರೆಗೆ ದೊಡ್ಡವನಾಗಿಯೇ ಇರುತ್ತಿದ್ದೆ. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

"ಕೊಡ್ತಿರಲಿಲ್ಲ ಭಾವ. ಕೊಡಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳಾಕೇ ಈ ಆಟ ಕಲ್ತೆ. ಇವತ್ತು ಬೆಳಿಗ್ಗೆ ಹೇಳಿದೆ. ನಿಮ್ಮ ಕೈಲಿ ಆಗಲ್ಲ ಅಂದೆ."

ಭಾವ ಕೈಚೀಲದಿಂದ ಕೊನೆಯ ಎರಡು ರೊಟ್ಟಿ ತೆಗೆದು, ಒಂದನ್ನು ನನಗೆ ಕೊಟ್ಟರು.

"ನಿಮ್ಮಕ್ಕನಿಗೆ ಮಾತ್ರ ಹೇಳಬ್ಯಾಡ" ಎಂದರು.

ದಾವಣಗೆರೆ

ಊರಿಗೆ ಬಂದ ವಾರವೇ ಕಂಪನಿಗೆ ನಾನೇ ಕಾಗದ ಬರೆದೆ, ಹರಿಹರದ ಏಜೆನ್ಸಿಯನ್ನು ಕೊಟ್ರೇಶಪ್ಪನವರ ಹೆಸರಿಗೆ ಮಾಡಿ ಎಂದು. ಫಾರ್ಮು ಬಂದಿದೆ. ನನ್ನ ಸಹಿ ಆಗಿದೆ. ಭಾವನ ಸಹಿ ಆಗಿಲ್ಲ. ಮೂರು ತಿಂಗಳಿಂದ ಹರಿಹರಕ್ಕೆ ಅಲೆಯುತ್ತಿದ್ದೇನೆ. ಹೋದಾಗಲೆಲ್ಲ ಅವರು ಯಾವುದೋ ಮೋಟಾರು ಬಿಚ್ಚಿಕೊಂಡು ಕೂತಿರುತ್ತಾರೆ. "ಬ್ಯಾಡ ಬಿಡು ಸಿದ್ದೇಶ, ಆಗಿದ್ದಾಯ್ತು" ಎನ್ನುತ್ತಾರೆ. ಒಳಗಿನಿಂದ ಅಕ್ಕ ಬಂದು, "ನೋಡ್ರಿ, ನಾ ಹೇಳ್ಲಿಲ್ವ, ಗೊತ್ತಾದ್ರೆ ಕೊಟ್ಟುಬಿಡ್ತಾನೆ ಅಂತ!" ಎಂದು ನನ್ನ ತಲೆ ಸವರಿ ಕಾಫಿ ಕೊಡುತ್ತಾಳೆ.

ಭಾವ ಮಾತು ಕೇಳುವುದು ಅಕ್ಕನೊಬ್ಬಳದೇ. ಆದರೆ ತಮ್ಮ ದಾನ ಮಾಡುತ್ತಿದ್ದಾನೆ ಎಂದು ತಿಳಿದಿರುವವರೆಗೆ ಅವಳು ತೆಗೆದುಕೊಳ್ಳಿ ಎಂದು ಗಂಡನಿಗೆ ಹೇಳುವವಳಲ್ಲ. ಇದು ದಾನವಲ್ಲ ಎಂದು ಅವಳಿಗೆ ಗೊತ್ತಾಗಬೇಕು. ಎದುರು ನಿಂತು ಹೇಳಲು ಮೂರು ಸಲ ಹೋಗಿ, ಮೂರು ಸಲವೂ ಕಾಫಿ ಕುಡಿದು ವಾಪಸ್ ಬಂದೆ. ನಾನು ಬರೆದದ್ದು ಏನೇ ಇರಲಿ, ಮದುವೆಯ ಆಹ್ವಾನ ಪತ್ರಿಕೆಯ ಒಕ್ಕಣೆಯೇ ಇರಲಿ, ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಾಳೆ. ಅದಕ್ಕೇ ಪ್ರವಾಸ ಕಥನ ಎಂಬ ನೆಪದಲ್ಲಿ ಇದನ್ನು ಬರೆದೆ.

ಅಕ್ಕ, ಓದಿ ಆದ ಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈಯಿ. ಮೊದಲು ಅವರ ಕೈಗೆ ಪೆನ್ನು ಕೊಡು.